ಬದುಕಿದ್ದ ಮಗನ ಹೆಸರು

ಆಸ್ಪತ್ರೆಯ ಕಿಟಕಿಯ ಹಿಂದೆ ಕುಳಿತಿದ್ದ ಗುಮಾಸ್ತ ತಲೆಯೆತ್ತದೆ, "ತೀರಿಕೊಂಡವರ ಹೆಸರು?" ಎಂದು ಕೇಳಿದ. ಅತ್ತೆ ಬದುಕಿದ್ದ ಮಗನ ಹೆಸರು ಹೇಳಿದಳು.

ಪಕ್ಕದಲ್ಲಿ ನಿಂತಿದ್ದ ಸೊಸೆ, ದುಃಖದಲ್ಲಿ ಬಾಯಿ ತಪ್ಪಿತೇನೋ ಎಂದುಕೊಂಡು ತಿದ್ದಲು ಹೋದಳು. ಅತ್ತೆ ಅವಳ ಮುಂಗೈ ಹಿಡಿದು ಉಗುರು ಊರಿದಳು. ಗುಮಾಸ್ತ ವಯಸ್ಸು ಕೇಳಿದ. ಅದನ್ನೂ ಅತ್ತೆ ಕಿರಿಯವನದೇ ಹೇಳಿದಳು. ಮದುವೆ ಆಗಿತ್ತಾ ಎಂದು ಕೇಳಿದ. "ಇಲ್ಲಪ್ಪಾ, ಇನ್ನೂ ಹೆಣ್ಣು ನೋಡ್ತಿದ್ವಿ" ಎಂದು ಹೇಳಿ, ಆಮೇಲೆ ಗೋಡೆಗೆ ಹಣೆ ಕೊಟ್ಟು ಅತ್ತಳು. ಅತ್ತದ್ದು ನಾಟಕವಲ್ಲ, ಅಷ್ಟು ಮಾತ್ರ ಅವಳ ಸೊಸೆ ಕೊನೆಯವರೆಗೂ ಒಪ್ಪುತ್ತಿದ್ದಳು.

ಸತ್ತವನು ಹಿರಿಯ ಮಗ. ಐದು ದಿನದ ಜ್ವರ, ಇಪ್ಪತ್ತಾರು ವಯಸ್ಸು. ಅದಕ್ಕೆ ಒಂಬತ್ತು ದಿನ ಮೊದಲು ಅವನಿಗೆ ದೂರದ ಊರಿನ ನೀರು ಸರಬರಾಜು ಕೇಂದ್ರದಿಂದ ನೌಕರಿಯ ಆದೇಶ ಬಂದಿತ್ತು. ಪಂಪ್ ಚಾಲಕನ ಕೆಲಸ, ಇರಲು ಮನೆ, ಕಾಯಂ ಸಂಬಳ. ಕಿರಿಯವನು ಅವನಿಗಿಂತ ಒಂದೂವರೆ ವರ್ಷ ಚಿಕ್ಕವನು. ಅದೇ ಮೈಕಟ್ಟು, ಅದೇ ಮೂಗು. ಮೋಟಾರು ಬಿಚ್ಚಿ ಕಟ್ಟುವ ಕೆಲಸವನ್ನು ಅಣ್ಣತಮ್ಮಂದಿರು ಒಂದೇ ಕಾರ್ಖಾನೆಯಲ್ಲಿ ಕಲಿತಿದ್ದರು. ಆದರೆ ಕಿರಿಯವನು ಶಾಲೆ ಮುಗಿಸಿರಲಿಲ್ಲ. ಸರ್ಟಿಫಿಕೇಟುಗಳೆಲ್ಲ ಅಣ್ಣನ ಹೆಸರಿನಲ್ಲಿದ್ದವು.

"ಹೋದೋನು ಹೋದ. ಅವನ ಹೆಸರಾದ್ರೂ ದುಡೀಲಿ" ಎಂದಳು ಅತ್ತೆ, ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು. ಸೊಸೆಯ ತೊಡೆಯ ಮೇಲೆ ಮೂರೂವರೆ ವರ್ಷದ ಮಗಳು ನಿದ್ದೆ ಹೋಗಿತ್ತು. "ಇವಳಿಗೆ ಅನ್ನ ಬೇಕೋ, ನಿನಗೆ ಅಳು ಬೇಕೋ? ಎರಡೂ ಒಟ್ಟಿಗೆ ಸಿಗಲ್ಲ ಕಣಮ್ಮ."

ಹಾಗೆ ಆ ಸೊಸೆ ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ವಿಧವೆಯಾದಳು, ವಿಧವೆಯಾಗದೆಯೂ ಉಳಿದಳು. ಮಣ್ಣು ಮಾಡುವಾಗ ಬಂದವರು ಕೆಲವೇ ಮಂದಿ, ಬಹುಪಾಲು ಕಾರ್ಖಾನೆಯವರು. ಜ್ವರದ ಮುಖ ಊದಿಕೊಂಡಿತ್ತು, ಮುಸುಕು ತೆಗೆಯಲು ಅತ್ತೆ ಬಿಡಲಿಲ್ಲ. ಸತ್ತವನು ಮೈದುನ ಎಂದ ಮೇಲೆ ಅತ್ತಿಗೆಯಾದವಳು ತಲೆಯ ಹತ್ತಿರ ಕೂತು ಗೋಳಾಡುವುದಕ್ಕೆ ಏನು ಕಾರಣ? ಅವಳನ್ನು ಹಿಂದಿನ ಸಾಲಿಗೆ ಕಳಿಸಿದರು. ಗಂಡನ ಮುಖವನ್ನು ಅವಳು ಕೊನೆಯ ಸಲ ಸರಿಯಾಗಿ ನೋಡಲಿಲ್ಲ. ವಾರದೊಳಗೆ ಅತ್ತೆ ಮನೆಯಲ್ಲಿದ್ದ ಫೋಟೋಗಳನ್ನೆಲ್ಲ ಒಲೆಗೆ ಹಾಕಿ, ತಾನು ತನ್ನ ತಮ್ಮನ ಮನೆಗೆ ಹೊರಟುಹೋದಳು. ಮೂರು ವರ್ಷ ಬದುಕಿದ್ದಳು. ಒಮ್ಮೆಯೂ ಇವರನ್ನು ನೋಡಲು ಬರಲಿಲ್ಲ.

ಇದೆಲ್ಲ ಆಗ ನನಗೆ ಗೊತ್ತಿರಲಿಲ್ಲ. ನೌಕರಿಯ ಊರಿನಲ್ಲಿ ನಾನು ಅವರ ಪಕ್ಕದ ಮನೆಯವಳು. ನನ್ನ ಗಂಡ ಆ ನೀರು ಸರಬರಾಜು ಕೇಂದ್ರದ ಪಂಪ್‌ಹೌಸಿನಲ್ಲಿ ಫಿಟ್ಟರ್. ನಾನು ಮನೆಯಲ್ಲೇ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದೆ. ಊರಿಗೆಲ್ಲ ನೀರು ಕಳಿಸುವ ನಮಗೆ ಮಾತ್ರ ಬೀದಿಗೊಂದೇ ನಲ್ಲಿ. ಮನೆಮನೆಯ ನಡುವೆ ಒಂದೇ ಇಟ್ಟಿಗೆಯ ಗೋಡೆ. ಆ ಕಡೆ ಚಮಚ ಬಿದ್ದರೆ ಈ ಕಡೆ ನಾವು ಬಗ್ಗಿ ನೋಡುತ್ತಿದ್ದೆವು. ನನ್ನ ಕಿವಿ ಸಾಲದ್ದಕ್ಕೆ ಗೋಡೆಯೂ ನನ್ನ ಕಡೆಗೇ ಇತ್ತು.

ಸಾವಾಗಿ ಇಪ್ಪತ್ತೆರಡನೆಯ ದಿನ ಸೊಸೆಯೂ ಅಣ್ಣನ ಹೆಸರು ಹೊತ್ತ ಮೈದುನನೂ ಗಂಡ ಹೆಂಡತಿಯಾಗಿ ಎರಡು ಟ್ರಂಕು, ಒಂದು ಮಗುವಿನ ಜೊತೆ ಬಂದಿಳಿದರು. ಮೊದಲ ದಿನವೇ ಮಗು ನನ್ನ ಹೊಸ್ತಿಲ ಮೇಲೆ ನಿಂತು, "ಚಿಕ್ಕಪ್ಪ ಪೆಟ್ಟಿಗೆ ಬೀಳಿಸ್ದ" ಎಂದು ವರದಿ ಒಪ್ಪಿಸಿತು.

"ಯಾರು ಚಿಕ್ಕಪ್ಪ?" ಎಂದೆ.

ತಾಯಿ ಓಡಿ ಬಂದಳು. ಮುಖ ಸುಣ್ಣದ ಹಾಗಾಗಿತ್ತು. "ಅವರ ಅಪ್ಪನ್ನೇ ರೇಗಿಸೋದು ಅಕ್ಕಾ. ಇವರ ತಮ್ಮ ಹೋಗ್ಬಿಟ್ರು, ಮೊನ್ನೆ ಮೊನ್ನೆ. ಅದನ್ನೇ ಹೇಳ್ಕೊಂಡು ತಿರುಗುತ್ತೆ."

ಪಾಪ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಛಟೀರೆಂದು ಏಟಿನ ಸದ್ದು ಕೇಳಿತು. ಮಗು ಕಿರುಚಿತು. "ಏನಂತ ಕರೀಬೇಕು? ಹೇಳು. ಏನಂತ?" ಮತ್ತೆ ಏಟು. ಬಿಕ್ಕುತ್ತಾ ಬಿಕ್ಕುತ್ತಾ ಮಗು, "ಅಪ್ಪ" ಎಂದಿತು. ಎಂಥ ಮೊಂಡು ಮಗುವೋ ಎಂದುಕೊಂಡು ನಾನು ಮತ್ತೆ ಹೊಲಿಗೆ ಯಂತ್ರ ತುಳಿದೆ. ಹದಿನೈದು ದಿನ ಇದೇ ನಡೆಯಿತು. ಮಗು, "ಅಪ್ಪ ಎಲ್ಲಿ? ನಿಜವಾದ ಅಪ್ಪ ಎಲ್ಲಿ?" ಎಂದು ಪಿಸುಗುಟ್ಟುವುದನ್ನೂ ನಿಲ್ಲಿಸುವವರೆಗೂ ಹೊಡೆದಳಂತೆ. ಹೊಡೆದ ಜಾಗಕ್ಕೆ ರಾತ್ರಿ ಎಣ್ಣೆ ಸವರುತ್ತಿದ್ದಳಂತೆ.

ಐದು ತುಂಬುವಷ್ಟರಲ್ಲಿ ಮಗು ನಿಜವಾಗಿಯೂ ಮರೆತುಬಿಟ್ಟಿತು. ಶಾಲೆಯಲ್ಲಿ ಅಪ್ಪನ ಚಿತ್ರ ಬರೆಯಲು ಹೇಳಿದರೆ ಸ್ಪ್ಯಾನರ್ ಹಿಡಿದ ಚಿಕ್ಕಪ್ಪನನ್ನು ಬರೆದು ತಂದಿತು. ತಾಯಿ ಅದನ್ನು ಗೋಡೆಗೆ ಅಂಟಿಸಿದಳು. ನೋಡಲು ಹೋದ ನಮಗೆಲ್ಲ ತೋರಿಸಿ ನಕ್ಕಳು.

ಅಳುವುದಕ್ಕೆ ಅವಳು ಒಂದು ಜಾಗ ಮಾಡಿಕೊಂಡಿದ್ದಳು. ಪಂಪ್‌ಹೌಸಿನಲ್ಲಿ ಮೂರು ದೊಡ್ಡ ಮೋಟಾರುಗಳಿದ್ದವು. ಅವು ಓಡುವಾಗ ಕಿವಿಗೆ ಬಾಯಿಟ್ಟು ಆಡಿದ ಮಾತು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಮಧ್ಯಾಹ್ನ ಉಳಿದವರು ಊಟಕ್ಕೆ ಹೊರಗೆ ಹೋದ ಹೊತ್ತಿಗೆ ಊಟದ ಡಬ್ಬಿ ಹಿಡಿದು ಅವಳು ಅಲ್ಲಿಗೆ ಹೋಗುವಳು. ಅವನು ಡಬ್ಬಿ ತೆಗೆದುಕೊಂಡು, ಬೆನ್ನು ತಿರುಗಿಸಿ, ಮೀಟರುಗಳ ಹಲಗೆಯನ್ನು ನೋಡುತ್ತಾ ನಿಲ್ಲುವನು. ಅವಳು ಮೂರನೆಯ ಮೋಟಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಗಂಟಲು ಬಿಟ್ಟು ಅಳುವಳು, ಕಾಲು ಗಂಟೆ. ಆಮೇಲೆ ಮುಖ ತೊಳೆದು, ಖಾಲಿ ಡಬ್ಬಿ ಹಿಡಿದು ಹೊರಡುವಳು. ಅವನು ಅವಳನ್ನು ಅತ್ತಿಗೆ ಎಂದು ಕರೆಯುತ್ತಿದ್ದುದೂ ಅಲ್ಲಿ ಮಾತ್ರ. ಆ ಬಿಸಿಲಲ್ಲಿ ದಿನಾ ಬಿಸಿ ಊಟ ಹೊತ್ತುಕೊಂಡು ಹೋಗುವುದನ್ನು ನೋಡಿ ನನ್ನ ಗಂಡ, "ನೋಡಿ ಕಲಿ" ಎನ್ನುತ್ತಿದ್ದ.

ನಾನೂ ಬಿಡುತ್ತಿರಲಿಲ್ಲ. "ಅವರು ಒಂದು ದಿನ ಜಗಳ ಆಡಿದ್ದು ಕೇಳಿದೀರಾ? ನೀವು ನೋಡಿ ಕಲೀರಿ" ಎನ್ನುತ್ತಿದ್ದೆ. ಇದನ್ನು ಒಮ್ಮೆ ನಲ್ಲಿಯ ಹತ್ತಿರ ಅವಳ ಮುಂದೆಯೇ ಹೇಳಿದೆ. "ಅದೇನ್ರಮ್ಮ, ಜಗಳಾನೇ ಇಲ್ಲ ನಿಮ್ಮನೇಲಿ. ಗಂಡ ಹೆಂಡತಿ ಹೌದೋ ಅಲ್ವೋ?"

ಎಲ್ಲರೂ ನಕ್ಕರು. ಅವಳೂ ನಕ್ಕಳು. ಮರುವಾರವೇ ಗೋಡೆಯಾಚೆ ಜಗಳ ಶುರುವಾಯಿತು. ಮಧ್ಯಾಹ್ನ ಪಂಪ್‌ಹೌಸಿನಲ್ಲಿ ಕೂತು ಇಬ್ಬರೂ ವಿಷಯ ನಿಶ್ಚಯಿಸುತ್ತಿದ್ದರಂತೆ. ಈ ತಿಂಗಳು ಉಪ್ಪು, ಮುಂದಿನ ತಿಂಗಳು ಕಳೆದುಹೋದ ಬೀಗದ ಕೈ. ಅವನಿಗೆ ಅತ್ತಿಗೆಯನ್ನು "ಲೇ" ಎನ್ನಲು ನಾಲಗೆ ಏಳುತ್ತಿರಲಿಲ್ಲ. ಪಾಠ ಒಪ್ಪಿಸುವ ಹುಡುಗನ ಹಾಗೆ, "ಉಪ್ಪು... ಉಪ್ಪು ಜಾಸ್ತಿ ಆಯ್ತಲ್ವೇನೇ" ಎಂದು ನಿಲ್ಲಿಸಿ, ತಟ್ಟೆಯನ್ನು ಎಸೆಯುವ ಬದಲು ಮೆಲ್ಲಗೆ ನೆಲಕ್ಕೆ ಬಡಿಯುತ್ತಿದ್ದ. ಅವನು ಹೆದರುವ ಗಂಡ ಎಂದು ನಾವೆಲ್ಲ ತೀರ್ಮಾನಿಸಿದೆವು.

ಮನೆಯೊಳಗಿನ ಒಂದೇ ಕೋಣೆಯಲ್ಲಿ ದೊಡ್ಡ ಮಂಚ ಹಾಕಿದ್ದರು, ಹೋದವರಿಗೆಲ್ಲ ಕಾಣುವ ಹಾಗೆ. ಅವನು ಅದರ ಮೇಲೆ ಒಬ್ಬನೇ ಮಲಗುತ್ತಿದ್ದ. ಅವಳೂ ಮಗಳೂ ಅಡುಗೆಮನೆಯಲ್ಲಿ. "ಅಪ್ಪ ಗೊರಕೆ ಹೊಡೀತಾರೆ" ಎಂದು ಮಗಳಿಗೆ ಹೇಳಿಕೊಟ್ಟಿದ್ದಳು.

ಏಳನೆಯ ವರ್ಷ ನೀರು ಪರೀಕ್ಷೆಯ ಪ್ರಯೋಗಾಲಯಕ್ಕೆ ಹೊಸಬಳೊಬ್ಬಳು ಬಂದಳು. ಮೂವತ್ತರ ಆಸುಪಾಸು, ಮದುವೆಯಾಗಿರಲಿಲ್ಲ. ದಿನಾ ಬೆಳಿಗ್ಗೆ ಎರಡು ಕೈಗೂ ಗಾಜಿನ ಸೀಸೆಗಳ ಬುಟ್ಟಿ ನೇತುಹಾಕಿಕೊಂಡು ಪಂಪ್‌ಹೌಸಿಗೆ ನೀರು ಹಿಡಿಯಲು ಬರುತ್ತಿದ್ದುದರಿಂದ ನಾವು ಅವಳನ್ನು ಸೀಸೆ ಮೇಡಂ ಎಂದೆವು. ಕೆಲವೇ ತಿಂಗಳಲ್ಲಿ ಆ ಮನುಷ್ಯ ದಿನಾ ಕ್ಷೌರ ಮಾಡಿಕೊಳ್ಳತೊಡಗಿದ. ಸೀಸೆ ತುಂಬುವುದಕ್ಕೆ ಅರ್ಧ ನಿಮಿಷ ಸಾಕು. ಅವರಿಬ್ಬರಿಗೆ ಅರ್ಧ ಗಂಟೆ ಬೇಕಾಗುತ್ತಿತ್ತು. ನನ್ನ ಗಂಡ ಬಂದು ಹೇಳಿದ, ನಾನು ಬೀದಿಗೆ ಹೇಳಿದೆ.

ಪಕ್ಕದ ಮನೆಯವಳಿಗೆ ಅದು ನಮಗಿಂತ ಮೊದಲೇ ಗೊತ್ತಿತ್ತು. ಸಂತೋಷವೂ ಆಗಿತ್ತು. ಅವನಿಗೆ ಮೂವತ್ತೆರಡು ವಯಸ್ಸು. ಏಳು ವರ್ಷದಿಂದ ಕಾಗದದ ಮೇಲೆ ಸತ್ತಿದ್ದ. ಅವನಿಗೂ ಒಂದು ಬಾಳು ಬೇಕು ಎಂದು ಅವಳು ತಿಳಿದಿದ್ದಳು, ಹೇಗೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಆದ್ದರಿಂದ ಏನೂ ಮಾಡದೆ ವರ್ಷ ಕಳೆದಳು.

ನಾವು ಏನೂ ಮಾಡದೆ ಇರುವವರಲ್ಲ. ಒಂದು ದಿನ ಬೀದಿಯ ಹೆಂಗಸರೆಲ್ಲ ಇರುವಾಗ ನಾನು ಅವಳನ್ನು ಹಿಡಿದುಕೊಂಡೆ. "ನಿಂಗೇನು ರಕ್ತ ಇದೆಯೋ, ನಲ್ಲಿ ನೀರಿದೆಯೋ? ಕಣ್ಣೆದುರಿಗೇ ಗಂಡನ್ನ ಹೊತ್ಕೊಂಡು ಹೋಗ್ತಿದಾಳೆ. ಸ್ವಂತ ಗಂಡ ಆಗಿದ್ರೆ ಯಾವಳೂ ಹೀಗೆ ಕೂತಿರ್ತಿರಲಿಲ್ಲ!"

ಕೊನೆಯ ಮಾತು ಅವಳ ಎದೆಗೆ ನಾಟಿತು. ಇವರಿಗೆ ಅನುಮಾನ ಬಂದಿದೆ ಎಂದೇ ಅವಳು ತಿಳಿದಳು. ಅನುಮಾನ ಮೇಲಿನವರ ಕಿವಿಗೆ ಬಿದ್ದರೆ ಕೆಲಸ ಹೋಗುತ್ತದೆ, ಮನೆ ಹೋಗುತ್ತದೆ, ಅವನು ಜೈಲಿಗೆ ಹೋಗುತ್ತಾನೆ. ಹೊಟ್ಟೆಕಿಚ್ಚಿನ ಹೆಂಡತಿಯಾಗದೆ ಬೇರೆ ದಾರಿಯಿರಲಿಲ್ಲ.

ಮರುದಿನ ಸಂಜೆ ಅವನು ಕೆಲಸದಿಂದ ಬರುವಾಗ ನಲ್ಲಿಯ ಹತ್ತಿರ ಎಲ್ಲರೂ ಇದ್ದೆವು. ಅವಳು ತುಂಬಿದ ಬಕೆಟನ್ನು ಅವನ ಕಾಲ ಬುಡಕ್ಕೆ ಎತ್ತಿ ಒಗೆದಳು. "ಅಲ್ಲೇ ಇರಬೇಕಿತ್ತು! ಆ ಸೀಸೆಯವಳ ಹತ್ರಾನೇ! ನನ್ನ ಗಂಡನ್ನ ಕಿತ್ಕೊಂಡ್ಳು!" ಎಂದು ಕೂಗಿದಳು. ಅಲ್ಲಿಯವರೆಗೆ ಅದು ನಾಟಕ. ಅವನು ನೆನೆದ ಚಪ್ಪಲಿಯಲ್ಲಿ ಬೆಪ್ಪಾಗಿ ನಿಂತಿದ್ದ. ಈ ಜಗಳದ ವಿಷಯವನ್ನು ಅವಳು ಮೊದಲೇ ಅವನಿಗೆ ಹೇಳಿರಲಿಲ್ಲ.

"ನನ್ನ ಗಂಡ" ಎಂದು ಎರಡನೆಯ ಸಲ ಅಂದಾಗ ಅವಳ ದನಿ ಬೇರೆಯಾಯಿತು. "ನನ್ನ ಗಂಡ ಎಲ್ಲಿ? ನನ್ನ ಗಂಡನ್ನ ತಂದ್ಕೊಡಿ! ಯಾರಾದ್ರೂ ತಂದ್ಕೊಡ್ರೇ! ಒಂದ್ಸಲ ಮುಖ ನೋಡೋಕೂ ಬಿಡ್ಲಿಲ್ವಲ್ಲ ನಂಗೆ!" ಎಂದು ನೆಲಕ್ಕೆ ಬಿದ್ದಳು. ಎಂಟು ವರ್ಷ ಮೋಟಾರಿನ ಸದ್ದಿನಡಿ ಮುಚ್ಚಿಟ್ಟದ್ದು ಬೀದಿಯಲ್ಲಿ ಬಾಯಿ ಬಿಟ್ಟಿತು. ಕೆಸರಿನಲ್ಲಿ ಹೊರಳಿದಳು. ಕೂದಲು ಕಿತ್ತುಕೊಂಡಳು. ನಾಲ್ವರು ಹಿಡಿದರೂ ನಿಲ್ಲಲಿಲ್ಲ. ಹನ್ನೊಂದು ತುಂಬಿದ ಮಗಳು ಬಾಗಿಲಲ್ಲಿ ನಿಂತು ನೋಡುತ್ತಿತ್ತು. ನಮ್ಮೊಳಗೆ ಅಳದವರೇ ಇಲ್ಲ. ಗಂಡನ ಮೇಲೆ ಇಷ್ಟು ಪ್ರೀತಿಯೇ ಎಂದು ನಾವು ಅತ್ತೆವು.

ಮರುದಿನ ನಾವು ಹನ್ನೊಂದು ಹೆಂಗಸರು ಪ್ರಯೋಗಾಲಯಕ್ಕೆ ನುಗ್ಗಿದೆವು. ಮುಂದೆ ನಾನೇ ಇದ್ದೆ. ಸೀಸೆಗಳನ್ನು ಒಡೆದೆವು. ಬಾಯಿಗೆ ಬಂದದ್ದೆಲ್ಲ ಅಂದೆವು. ಆ ಮೇಡಂ ಗಾಜಿನ ಚೂರುಗಳ ನಡುವೆ ಕೈಕಟ್ಟಿ ನಿಂತಿದ್ದಳು. ಒಂದೇ ವಾರದಲ್ಲಿ ಅವಳನ್ನು ಬೇರೆ ಊರಿನ ಕೇಂದ್ರಕ್ಕೆ ವರ್ಗ ಮಾಡಿದರು. ಒಂದು ಮನೆ ಉಳಿಸಿದೆವು ಎಂದು ನಾನು ಊಟ ಮಾಡಿ ಗಡದ್ದಾಗಿ ನಿದ್ದೆ ಮಾಡಿದೆ.

ಅವನು ಊಟ ಬಿಟ್ಟ. ಐದನೆಯ ದಿನ ಮಧ್ಯಾಹ್ನ ಮೋಟಾರುಗಳ ನಡುವೆ ಅವಳ ಕಿವಿಯ ಹತ್ತಿರ ಬಗ್ಗಿ, "ಅತ್ತಿಗೆ, ಅವಳಿಗೆ ನಾನು ನಿಜ ಹೇಳಿದ್ದೆ" ಎಂದ.

"ನಂಬಿದಳಾ?"

"ನಕ್ಕಳು. ಮದುವೆ ಆಗಿರೋ ಗಂಡಸರೆಲ್ಲ ಇದನ್ನೇ ಹೇಳೋದು ಅಂದಳು. ಹೆಂಡತಿ ಬರೀ ಹೆಸರಿಗೆ ಅಂತ." ತಿರುಗುತ್ತಿದ್ದ ಮೋಟಾರಿನ ಬೆಲ್ಟಿನ ಕಡೆ ನೋಡುತ್ತಾ ಮತ್ತೆ ಹೇಳಿದ. "ಒಂದ್ಸಲ ಸತ್ತಾಯ್ತಲ್ಲ ಅತ್ತಿಗೆ. ಇನ್ನೊಂದ್ಸಲ ಏನು ಮಹಾ ಕಷ್ಟ."

ಅವಳು ಅಳಲು ಕೂರಲಿಲ್ಲ. ಅವನ ಪಾಳಿ ಮುಗಿಯುವವರೆಗೂ ಬೆಲ್ಟಿಗೂ ಅವನಿಗೂ ನಡುವೆ ನಿಂತಿದ್ದಳು. ಮರುದಿನ ಹಲ್ಲುನೋವೆಂದು ನನಗೆ ಹೇಳಿ, ಮಗಳನ್ನು ನನ್ನ ಹತ್ತಿರ ಬಿಟ್ಟು, ಆರು ಗಂಟೆ ಕಾಲ ಬಸ್ಸಿನಲ್ಲಿ ಕೂತು ಸೀಸೆ ಮೇಡಂ ಇದ್ದ ಊರಿಗೆ ಹೋದಳು.

ಮೇಡಂ ಬಾಗಿಲು ತೆರೆದವಳು ಮತ್ತೆ ಮುಚ್ಚಲು ಹೋದಳು. ಇವಳು ಸಂದಿಗೆ ಕಾಲು ಕೊಟ್ಟಳು. ನಿಂತಲ್ಲೇ, ಆಸ್ಪತ್ರೆಯ ಕಿಟಕಿಯಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಎಂಟು ವರ್ಷದಲ್ಲಿ ಮೊದಲ ಸಲ ಹೇಳುತ್ತಿದ್ದುದರಿಂದ ಹಿಂದುಮುಂದಾಯಿತು. ಹೇಳಿದ್ದನ್ನೇ ಹೇಳಿದಳು.

"ಸಾಕ್ಷಿ ಏನಿದೆ?" ಎಂದಳು ಮೇಡಂ.

"ಏನೂ ಇಲ್ಲ. ಇರೋ ಕಾಗದ ಎಲ್ಲ ನಾನು ಹೇಳೋದು ಸುಳ್ಳು ಅನ್ನುತ್ತೆ."

ಮೇಡಂ ಕದದಿಂದ ಕೈ ತೆಗೆದಳು. "ಇನ್ನೊಬ್ಬ ಹೆಣ್ಣಿನ ಮನೆ ಬಾಗಿಲಿಗೆ ಬಂದು, ನನ್ನ ಗಂಡನ್ನ ಮದುವೆ ಆಗು ಅಂತ ಯಾವ ಹೆಂಡತಿಯೂ ಕೇಳಲ್ಲ. ನಂಬ್ತೀನಿ. ನಂಬಿ ಏನ್ ಮಾಡ್ಲಿ ಹೇಳಿ. ಕಾಗದದ ಮೇಲೆ ನೀವೇ ಹೆಂಡತಿ."

"ಕಾಗದದಿಂದ ನಾನು ಇಳೀತೀನಿ" ಎಂದಳು ಇವಳು.

ಇಳಿಯುವುದು ಎಂದರೆ ವಿಚ್ಛೇದನ. ಸತ್ತ ಗಂಡನಿಂದ. ಅರ್ಜಿಯಲ್ಲಿ ಅವನ ಹೆಸರು, ಅವನ ತಂದೆಯ ಹೆಸರು, ಅವರ ಮದುವೆಯ ತಾರೀಖು. ಇದನ್ನು ಕೇಳಿ ಮೈದುನ, "ಬೇಡ ಅತ್ತಿಗೆ" ಎಂದು ಕಾಲಿಗೆ ಬಿದ್ದ. ಬೇಡ ಎನ್ನುವಾಗಲೂ ಅವನ ಮುಖದಲ್ಲಿ ಆಸೆಯಿತ್ತು. ಅದನ್ನು ಅವಳು ನೋಡಿದಳು.

ನ್ಯಾಯಾಲಯದಲ್ಲಿ ವಕೀಲ ಹೇಳಿಕೊಟ್ಟದ್ದು ಎರಡೇ ವಾಕ್ಯ. ಇವರ ಜೊತೆ ನನಗೆ ಬಾಳಲು ಇಷ್ಟವಿಲ್ಲ. ಇವರ ಮೇಲೆ ನನಗೆ ಪ್ರೀತಿ ಉಳಿದಿಲ್ಲ. ನ್ಯಾಯಾಧೀಶರು ಗಂಡನ ಹೆಸರನ್ನು ಪೂರ್ತಿಯಾಗಿ ಓದಿ, "ಇವರ ಜೊತೆ ಬಾಳಲು ನಿಮಗೆ ಇಷ್ಟ ಇಲ್ವಾ?" ಎಂದು ಕೇಳಿದರು. ಆ ಹೆಸರು ದಿನಕ್ಕೆ ಹತ್ತು ಸಲ ಬೇರೆಯವನಿಗೆ ಅಂಟಿಕೊಂಡು ಅವಳ ಕಿವಿಗೆ ಬೀಳುತ್ತಿತ್ತು. ಆದರೆ ಬೇಡ ಎಂದು ಹೇಳಬೇಕಾಗಿ ಬಂದಾಗ ಅದು ತನ್ನವನದೇ ಆಯಿತು. ಅವಳ ಬಾಯಿಂದ ಮಾತು ಹೊರಡಲಿಲ್ಲ. ಮೂರು ಸಲ ಕೇಳಿದರು. ಅವಳು ಕಟಕಟೆಯ ಸರಳು ಹಿಡಿದೇ ನಿಂತಳು.

"ಇನ್ನೂ ಪ್ರೀತಿ ಇದೆ. ಇದು ಮುರಿಯೋ ಮನೆಯಲ್ಲ" ಎಂದು ನ್ಯಾಯಾಧೀಶರು ಮಮತೆಯಿಂದ ಹೇಳಿ, ಯೋಚಿಸಲು ಆರು ತಿಂಗಳು ಕೊಟ್ಟರು. ಮತ್ತೆ ಅದೇ ಮನೆ, ಅದೇ ಮಂಚ, ಅದೇ ಗೋಡೆ. ಆ ಆರು ತಿಂಗಳು ಪಂಪ್‌ಹೌಸಿನಲ್ಲಿ ಅವಳು ಆ ಎರಡು ವಾಕ್ಯಗಳನ್ನು ಗಟ್ಟಿಯಾಗಿ ಹೇಳಿ ಹೇಳಿ ರೂಢಿ ಮಾಡಿಕೊಂಡಳು. ಎರಡನೆಯ ಸಲ ತಡವರಿಸದೆ ಹೇಳಿದಳು.

ಮಗಳಿಗೆ ಆಗ ಹನ್ನೆರಡೂವರೆ. ಯಾರ ಹತ್ತಿರ ಇರುತ್ತೀಯ ಎಂದು ನ್ಯಾಯಾಧೀಶರು ಕೇಳಿದರು. ಬಕೆಟ್ ಎಸೆದು ಬೀದಿಯಲ್ಲಿ ಹೊರಳಿದವಳು ಅಮ್ಮ. ಈಗ ಮನೆ ಮುರಿಯುತ್ತಿರುವವಳೂ ಅಮ್ಮ. ಚಿಕ್ಕಂದಿನಲ್ಲಿ ಯಾಕೋ ಏನೋ ಹೊಡೆಯುತ್ತಿದ್ದವಳೂ ಅಮ್ಮನೇ.

"ಅಪ್ಪನ ಹತ್ರ" ಎಂದಿತು ಹುಡುಗಿ.

ಹೊರಗಿನ ಮೊಗಸಾಲೆಯಲ್ಲಿ ಅವನು ಅತ್ತಿಗೆಯ ಮುಖ ನೋಡಲಾರದೆ, "ನಿಜ ಹೇಳ್ಬಿಡ್ಲಾ ಅವಳಿಗೆ?" ಎಂದ.

"ಹನ್ನೆರಡು ವರ್ಷದ ಹುಡುಗಿ ಬಾಯಲ್ಲಿ ನಿಲ್ಲುತ್ತಾ ಇದು? ನಿನ್ನ ಕೆಲಸ ಇರೋವರೆಗೂ ಸುಮ್ನಿರು. ಕರ್ಕೊಂಡು ಹೋಗು" ಎಂದಳು. ಹೊರಡುವಾಗ ಮಗಳ ಜಡೆಯ ರಿಬ್ಬನ್ ಸರಿಮಾಡಲು ಹೋದರೆ, ಹುಡುಗಿ ತಲೆ ಕೊಸರಿಕೊಂಡಿತು.

ಅವನು ಮೇಡಂ ಇದ್ದ ಕೇಂದ್ರಕ್ಕೆ ವರ್ಗ ಮಾಡಿಸಿಕೊಂಡು ಹೋಗಿ ಅವಳನ್ನು ಮದುವೆಯಾದ. ಮೇಡಂ ಹುಡುಗಿಯನ್ನು ಸ್ವಂತ ಮಗಳಂತೆ ನೋಡಿಕೊಂಡಳು, ಓದಿಸಿದಳು. ಇವಳಿಗೆ ಒಂದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆಯ ಬಟ್ಟೆ ಮಡಿಸುವ ಕೆಲಸ ಸಿಕ್ಕಿತು. ಹಿಂದೆಯೇ ಒಂದು ಕೋಣೆ. ಮೊದಲು ತಿಂಗಳಿಗೊಮ್ಮೆ ಬರುತ್ತಿದ್ದ ಮಗಳು ಆಮೇಲೆ ರಜೆಗೆ ಬಂದಳು, ಕೊನೆಗೆ ಬರೀ ಕಾಗದ ಬರೆದಳು. ಮಗಳ ಮದುವೆಯಲ್ಲಿ ಇವಳು ಎರಡನೆಯ ಸಾಲಿನಲ್ಲಿ ಕೂತಿದ್ದಳು. ಇವಳು ಗಂಡನನ್ನು ಬಿಟ್ಟವಳು ಎಂದು ಪಕ್ಕದಲ್ಲಿದ್ದ ಬೀಗರ ಕಡೆಯವರು ಪಿಸುಗುಟ್ಟುತ್ತಿದ್ದರು.

ನಾನು ವರ್ಷಕ್ಕೊಮ್ಮೆ ಅವಳನ್ನು ನೋಡಲು ಹೋಗುತ್ತಿದ್ದೆ. "ಆವತ್ತೇ ನಾವು ಆ ಸೀಸೆಯವಳನ್ನ ಇನ್ನೂ ಚೆನ್ನಾಗಿ ಬಯ್ಬೇಕಿತ್ತು ಕಣೇ" ಎಂದು ಸಮಾಧಾನ ಮಾಡುತ್ತಿದ್ದೆ. ಅವಳು ಬಟ್ಟೆ ಮಡಿಸುತ್ತಾ ಹೂಂ ಎನ್ನುತ್ತಿದ್ದಳು. ಅವನು ಅಣ್ಣನ ವಯಸ್ಸಿನ ಲೆಕ್ಕದಲ್ಲಿ ನಿವೃತ್ತನಾದ ವರ್ಷ, ಅವಳು ನನಗೆ ಇದೆಲ್ಲವನ್ನೂ ಹೇಳಿದಳು. ನಾನು ಎದ್ದು ಹೊರಗೆ ಹೋಗಿ ನಿಂತೆ. ಒಡೆದ ಸೀಸೆಗಳ ಸದ್ದು ನನ್ನ ಕಿವಿಯಿಂದ ಹೋಗಲೊಲ್ಲದು. ಒಳಗೆ ಬಂದು, "ಮಗಳಿಗೆ ಹೇಳಿದೆಯಾ?" ಎಂದು ಕೇಳಿದೆ.

"ಹೇಳಿದೆ ಅಕ್ಕಾ, ಹೋದ ತಿಂಗಳು. ಪೂರ್ತಿ ಕೇಳಿದ್ಲು. ಆಮೇಲೆ, ನೀನು ಇದನ್ನ ನಂಗೆ ಹೇಳಿದ್ದು ಅಪ್ಪನಿಗೆ ಗೊತ್ತಾ, ಅವರು ಬೇಜಾರು ಮಾಡ್ಕೋತಾರೆ ಅಂದ್ಲು. ಅಷ್ಟೇ. ಹೋದವರು ಹೇಗಿದ್ರು ಅಂತ ಒಂದು ಮಾತು ಕೇಳ್ಲಿಲ್ಲ. ಕೇಳ್ತಾಳೆ ಅಂತ ಎಷ್ಟೆಲ್ಲ ನೆನಪು ಮಾಡಿಟ್ಕೊಂಡಿದ್ದೆ."

"ನನಗೆ ಹೇಳು" ಎಂದೆ.

ಅವಳು ಮಡಿಸಿದ ಬಟ್ಟೆಯನ್ನು ಪಕ್ಕಕ್ಕಿಟ್ಟಳು. ಮುಖ ಸ್ವಲ್ಪ ಅರಳಿತು. "ನಗೋವಾಗ ಬಾಯಿಗೆ ಕೈ ಅಡ್ಡ ಇಟ್ಕೋತಿದ್ರು. ಮುಂದಿನ ಹಲ್ಲು ಒಂದು..." ಎಂದವಳು ನಿಲ್ಲಿಸಿದಳು. ನಾನು ಕಾದೆ. ಅವಳು ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ ಹುಡುಕಿದಳು.

"ಅಲ್ಲ" ಎಂದಳು. "ಅದು ಇವನು, ಮೈದುನ."

ಮತ್ತೆ ಶುರು ಮಾಡಿದಳು, ಮತ್ತೆ ನಿಲ್ಲಿಸಿದಳು. ಹೊರಗೆ ಪಾಳಿಯ ಗಂಟೆ ಹೊಡೆಯಿತು. ಅವಳು ಬಟ್ಟೆಯ ಗಂಟನ್ನು ತಲೆಯ ಮೇಲಿಟ್ಟುಕೊಂಡು, "ಕೂತಿರಿ ಅಕ್ಕಾ, ಬಂದೆ" ಎಂದು ಹೇಳಿ ಹೋದಳು.